ಅಟ್ಟ ಕದಲದ ಸೀಮೆ

ಅಮೆರಿಕದ ಜಿಂಕೆ ಬೇಟೆಗಾರರು ಬೆನ್ನಿಗೆ ಹೊತ್ತ ಹತ್ತುವ ಕೋಲುಗಳನ್ನು ಮರಕ್ಕೆ ಬಿಗಿದು ಏರುತ್ತಾರೆ, ಮೇಲೆ ಪುಟ್ಟ ಹಲಗೆ ತೂಗುಹಾಕಿ ಕೂರುತ್ತಾರೆ, ಗಾಳಿ ತಿರುಗಿದರೆ ಎಲ್ಲವನ್ನೂ ಬಿಚ್ಚಿ ಬೇರೆ ಮರ ಹುಡುಕುತ್ತಾರೆ. ಗದಗ ಜಿಲ್ಲೆಯ ಬೆಳ್ಳಟ್ಟಿಯಂಥ ಬಯಲುಸೀಮೆಯ ಊರುಗಳಿಗೆ ಎತ್ತರದಲ್ಲಿ ಕೂತು ಕಾಯುವುದು ಹೊಸತಲ್ಲ, ಆದರೆ ಇಲ್ಲಿನ ಅಟ್ಟ ಕದಲುತ್ತಿರಲಿಲ್ಲ. ಕಾರಣ ಬಡತನವೋ ಅಜ್ಞಾನವೋ ಅಲ್ಲ, ಕಾಯುವ ವಸ್ತುವೇ ಬೇರೆ. ಎರಿಹೊಲದ ಜೋಳ ಹಾಲುಗಾಳಿಗೆ ಬಂದಾಗ ಹಗಲು ಹಕ್ಕಿ, ಇರುಳು ಹಂದಿ. ಹೊಲದ ನಡುವೆ ಮರ ವಿರಳ, ಹಾಗಾಗಿ ನಾಲ್ಕು ಗೂಟ ನೆಟ್ಟು ಅಟ್ಟ ಕಟ್ಟಬೇಕು. ಕೈಯಲ್ಲಿ ಕವಣೆ, ಗಂಟಲಲ್ಲಿ ಕೂಗು. ಬಂದದ್ದನ್ನು ಓಡಿಸುವುದೇ ಗುರಿಯಾದವನಿಗೆ ಅಡಗುವ ಅಗತ್ಯವೇ ಇಲ್ಲ.

ಕಾಡಿನ ಬೇಟೆಗೂ ಮಚಾನು ಇತ್ತಲ್ಲ ಎನ್ನಬಹುದು. ನಿಜ. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ ನರಭಕ್ಷಕ ಬೇಟೆಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಅಲ್ಲಿಯೂ ಅದರ ಜಾಗವನ್ನು ನಿರ್ಧರಿಸುತ್ತಿದ್ದದ್ದು ಆಮಿಷವಾಗಿ ಕಟ್ಟಿದ ಪ್ರಾಣಿ ಅಥವಾ ಹುಲಿ ಕೊಂದ ದನ. ಇನ್ನು ನಾಡಿನ ಹಳೆಯ ಹಂದಿಬೇಟೆ ನೆಲದ್ದೇ: ಹತ್ತನೆಯ ಶತಮಾನದ ಆತಕೂರು ಶಾಸನ ನೆನೆಯುವುದು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು. ಮುಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ನಂತರದ ತಿದ್ದುಪಡಿಗಳು ಹವ್ಯಾಸದ ಬೇಟೆಗೆ ಬಾಗಿಲು ಮುಚ್ಚಿದವು. ಶಿರಹಟ್ಟಿ, ಮುಂಡರಗಿ ಸೀಮೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದು ಸರಿಯಾದ ತೀರ್ಮಾನ. ಆದರೆ ಗುಡ್ಡದಂಚಿನ ರೈತನ ರಾತ್ರಿ ಕಾವಲಿಗೆ ಯಾವ ಕಾಯ್ದೆಯೂ ಬಿಡುವು ಕೊಟ್ಟಿಲ್ಲ.