ಸಣ್ಣ ಕಾರಿನ ಆಯ್ಕೆ ಬಂದ ಬಗೆ

ಮಿತವಾದ ಹಣದಲ್ಲಿ ಸಣ್ಣದೊಂದು ಕಾರನ್ನು ಕೊಳ್ಳಬೇಕೆಂದು ನೀವು ಯೋಚಿಸುತ್ತಿದ್ದೀರಿ ಎನ್ನೋಣ. ಬೆಲೆಯೆಷ್ಟು, ಪೆಟ್ರೋಲು ಎಷ್ಟು ಕುಡಿದೀತು, ಕೆಟ್ಟರೆ ನಮ್ಮೂರಿನಲ್ಲೇ ರಿಪೇರಿಯಾದೀತೆ, ಮನೆಮಂದಿಯೆಲ್ಲ ಹಿಡಿದಾರೆ – ಹೀಗೆ ತೂಗಿ ನೋಡುತ್ತೀರಿ. ಈ ತೂಗಿ ನೋಡುವ ಭಾಗ್ಯ ನಮ್ಮ ದೇಶಕ್ಕೆ ತೀರ ಹಳೆಯದಲ್ಲ. ‘ಆಯ್’ ಎಂಬ ಧಾತುವಿಗೆ ಹೆಕ್ಕಿ ತೆಗೆಯುವುದೆಂದು ಅರ್ಥ. ಹೆಕ್ಕಬೇಕಾದರೆ ಮೊರದಲ್ಲಿ ಕಾಳು ಇರಬೇಕಷ್ಟೆ.

ಬಿಡಿಭಾಗಗಳನ್ನು ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರಿಗೆ ಮಾತ್ರ ಎಡೆಯೆಂದು ಸರ್ಕಾರವು 1953ರಲ್ಲಿ ವಿಧಿಸಿತು. ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಹೊರಟುಹೋದವು. ಮುಂದೆ ಕೊಳ್ಳುವವನ ಪಾಲಿಗೆ ಉಳಿದವು ಮುಖ್ಯವಾಗಿ ಮೂರು: ಕಲ್ಕತ್ತೆಯ ಬಳಿ ಉತ್ತರಪಾಡಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಯಾವುದು ಬೇಕೆಂದು ಹೇಳುವ ಸ್ವಾತಂತ್ರ್ಯ ಇತ್ತು. ಯಾವಾಗ ಬೇಕೆಂದು ಹೇಳುವಂತಿರಲಿಲ್ಲ. ಫಿಯಟ್ಟಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಸರದಿ ಬಂದು ಕೈಗೆ ಸಿಕ್ಕ ಕಾರನ್ನು ಕೂಡಲೆ ಮಾರಿದರೆ ಕೊಂಡ ಬೆಲೆಗಿಂತ ಹೆಚ್ಚು ಗಿಟ್ಟುತ್ತಿದ್ದ ವಿಚಿತ್ರ ಕಾಲವದು! ಸಾಮಾನ್ಯರಿಗೊಂದು ಅಗ್ಗದ ಕಾರು ಬೇಕೆಂದು 1960ರ ಸುಮಾರಿಗೇ ಎಲ್. ಕೆ. ಝಾ ಸಮಿತಿ ಸಲಹೆ ಮಾಡಿತ್ತು. ಸಲಹೆ ಬಂದಿತು, ಕಾರು ಬರಲಿಲ್ಲ.

ಅದು ಬಂದದ್ದು 1983ರಲ್ಲಿ. ಸರ್ಕಾರದ ಮಾರುತಿ ಉದ್ಯೋಗ್ ಸಂಸ್ಥೆ ಜಪಾನಿನ ಸುಜುಕಿಯವರೊಡನೆ ಹಿಂದಿನ ವರ್ಷವಷ್ಟೇ ಒಪ್ಪಂದ ಮಾಡಿಕೊಂಡಿತ್ತು. ಕಾರು ಇನ್ನೂ ರಸ್ತೆಗಿಳಿಯುವ ಮೊದಲೇ, ತಲಾ 10,000 ರೂಪಾಯಿ ಮುಂಗಡ ಕಟ್ಟಿ, ಲಕ್ಷಕ್ಕೂ ಮಿಕ್ಕಿದ ಜನ ಹೆಸರು ಬರೆಸಿದರು. ಓಡಿಸಿ ನೋಡಿದವರಿಲ್ಲ, ನೆರೆಯವರನ್ನು ಕೇಳೋಣವೆಂದರೆ ನೆರೆಯವರಲ್ಲೂ ಇಲ್ಲ. ಆ ಧೈರ್ಯಕ್ಕೆ ನಾನಂತೂ ಬೆರಗಾಗುತ್ತೇನೆ. ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ನೌಕರರೊಬ್ಬರ ಕೈಗಿತ್ತರು. ಬೆಲೆ ಐವತ್ತು ಸಾವಿರದ ಆಸುಪಾಸು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನು, ಅಂಬಾಸಿಡರಿನದಕ್ಕೆ ಹೋಲಿಸಿದರೆ ಅರ್ಧದಷ್ಟು. ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೇ ಹೋಗುತ್ತಿದ್ದುದರಿಂದ ಹಿಂಬದಿಗೆ ಉದ್ದನೆಯ ಉಕ್ಕಿನ ದಂಡ ಬೇಕಿರಲಿಲ್ಲ. ಗಾಡಿ ಹಗುರವಾಯಿತು, ಒಳಗೆ ಕಾಲು ಚಾಚಲು ಎಡೆಯಾಯಿತು. ಇಷ್ಟು ಹಗುರದ ಗಾಡಿ ನಮ್ಮ ರಸ್ತೆಗೆ ತಾಳೀತೆ ಎಂದವರೂ ಉಂಟು. ಅದು 2014ರವರೆಗೆ ತಯಾರಾಯಿತು.

ಆದರೂ ಹೆಕ್ಕಲು ಕಾಳು ದೊರೆತದ್ದು 1998ರಲ್ಲಿ. ಸ್ಯಾಂಟ್ರೋ, ಮ್ಯಾಟಿಜ್, ಇಂಡಿಕಾ ಮೂರೂ ಒಂದೇ ವರ್ಷದಲ್ಲಿ ಬಂದು ನಿಂತವು. ಕಾದು ನಿಲ್ಲುವ ಕೆಲಸ ಈಗ ಮಾರುವವನದಾಯಿತು.

2009ರಲ್ಲಿ ಟಾಟಾದವರು ನ್ಯಾನೋವನ್ನು ಮಾರುಕಟ್ಟೆಗೆ ಬಿಟ್ಟರು. ತೆರಿಗೆ ಸಾಗಾಣಿಕೆ ಬಿಟ್ಟರೆ ಸುಮಾರು ಒಂದು ಲಕ್ಷ ರೂಪಾಯಿ. ಸ್ಕೂಟರಿನ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ನೆನೆಯುವ ಸಂಸಾರಿಗಾಗಿ ಹುಟ್ಟಿದ ಕಾರು ಅದು. ಲೆಕ್ಕದ ಪ್ರಕಾರ ಎಲ್ಲರೂ ಅದನ್ನೇ ಕೊಳ್ಳಬೇಕಿತ್ತು. ಕೆಲವು ಕಾರುಗಳಿಗೆ ಬೆಂಕಿ ತಗುಲಿದ ಸುದ್ದಿಯೂ ಅಳುಕು ಹುಟ್ಟಿಸಿತು. ಆದರೆ ಅದಕ್ಕಿಂತ ಆಳವಾಗಿ ನಾಟಿದ್ದು ‘ಎಲ್ಲಕ್ಕಿಂತ ಅಗ್ಗ’ವೆಂಬ ಬಿರುದು. ಮನೆಯ ಮುಂದೆ ಕಾರು ನಿಲ್ಲುವುದನ್ನು ಎಷ್ಟೋ ವರ್ಷ ಕನಸು ಕಂಡವನು, ಅದನ್ನು ನೋಡಿ ಬೀದಿಯವರು ಬೆಲೆ ಎಣಿಸುವುದನ್ನು ಒಪ್ಪಲಿಲ್ಲ. ಹಾಗೆ ಕರೆದದ್ದು ತಪ್ಪಾಯಿತೆಂದು ರತನ್ ಟಾಟಾ ಅವರೇ ಮುಂದೆ ಹೇಳಿದರು. ತಯಾರಿಕೆ 2018ರಲ್ಲಿ ನಿಂತಿತು.