ಭಾವಚಿತ್ರವೂ ಉಡುಗೆಯೂ

ಬೆಳ್ಳಾವಿಯ ಸೀಮೆಯ ಹಳೆಯ ಮನೆಗಳಲ್ಲಿ ನಡುಮನೆಯ ಗೋಡೆಗೆ ತೂಗುಹಾಕಿರುವ ಭಾವಚಿತ್ರಗಳನ್ನು ನಿಂತು ನೋಡಿದವರಿಗೆ ಒಂದು ಸಂಗತಿ ತೋರಿಬರದೆ ಇರದು. ಅವುಗಳಲ್ಲಿ ಅನೇಕವು ಮನೆಯೊಳಗೆ ತೆಗೆದವಲ್ಲ. ಹಿಂದೆ ಜಮಖಾನವನ್ನೋ ಬಿಳಿಯ ಪಂಚೆಯನ್ನೋ ಕಟ್ಟಿದ್ದಾರೆ. ಕೆಳಗೆ ಅಂಗಳದ ಮಣ್ಣು ಇಣುಕುತ್ತದೆ. ಯಜಮಾನರು ಕುರ್ಚಿಯ ಮೇಲೆ ಕುಳಿತಿರುವರು. ಹೆಂಗಸರು ಹಿಂದೆ ನಿಂತಿರುವರು. ಆದರೆ ಒಬ್ಬರ ಮೈಮೇಲಾದರೂ ನಿತ್ಯದ ಬಟ್ಟೆ ಇಲ್ಲ. ಆ ದಿನದ ಉಡುಗೆಯನ್ನು ಏತಕ್ಕಾಗಿ ಆರಿಸಿದರು, ಆ ಆಯ್ಕೆ ನಮಗೆ ಏನನ್ನು ತಿಳಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದು ವಿಚಾರಮಾಡತಕ್ಕ ವಿಷಯ.

ಮೊದಲು ಬಯಲಿನ ಮಾತು. 1839ರಲ್ಲಿ ಫ್ರಾನ್ಸಿನ ಡಾಗೇರನ ವಿಧಾನವು ಲೋಕಕ್ಕೆ ಪ್ರಕಟವಾಯಿತು. ನಮ್ಮ ನಾಡಿಗೆ ಈ ವಿದ್ಯೆ ಬರಲು ಬಹುಕಾಲ ಹಿಡಿಯಲಿಲ್ಲ. 1854ರಲ್ಲಿಯೇ ಲಿನಿಯಸ್ ಟ್ರೈಪ್ ಎಂಬ ಆಂಗ್ಲ ಸೇನಾಧಿಕಾರಿ ಬೇಲೂರು ಹಳೇಬೀಡುಗಳ ಗುಡಿಗಳ ಚಿತ್ರಗಳನ್ನು ತೆಗೆದನು. ಕಲ್ಲಿನ ಮದನಿಕೆಗೆ ಅಲುಗುವ ಭಯವಿಲ್ಲ. ಸೀರೆ ಬದಲಿಸುವ ಗೊಡವೆಯೂ ಇಲ್ಲ. ಮನುಷ್ಯರ ಪಾಡು ಹಾಗಲ್ಲ. ಆರ್ಚರನು 1851ರಲ್ಲಿ ತಿಳಿಸಿದ ಹಸಿ ಗಾಜಿನ ವಿಧಾನದಲ್ಲಿ, ಗಾಜಿಗೆ ಬಳಿದ ಲೇಪ ಆರುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿತ್ತು. ಕತ್ತಲೆಯ ಗುಡಾರವನ್ನು ಜೊತೆಗೇ ಹೊತ್ತು ತಿರುಗಬೇಕಾಗಿತ್ತು. 1871ರಲ್ಲಿ ಮ್ಯಾಡಾಕ್ಸನು ಒಣ ಗಾಜಿನ ಮಾರ್ಗವನ್ನು ತೋರಿಸಿದ ಮೇಲೆ ಸಿದ್ಧವಾದ ಗಾಜುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಊರೂರು ಸುತ್ತುವುದು ಸಾಧ್ಯವಾಯಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ಅಲ್ಲಿಂದ ಮುಂದೆ ಎತ್ತಿನ ಗಾಡಿ ಇದ್ದೇ ಇದ್ದಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದೇ 1905ರಲ್ಲಿ ಎಂದಮೇಲೆ ಹಳ್ಳಿಗಳಲ್ಲಿ ಸೂರ್ಯನಲ್ಲದೆ ಬೇರೆ ದೀಪವೆಲ್ಲಿಯದು? ಆದುದರಿಂದ ಅಂಗಳವೇ ಚಿತ್ರಶಾಲೆಯಾಯಿತು. ಹುಣಿಸೆಯ ಮರದ ನೆರಳೋ ಮನೆಯ ಬಡಗಣ ಗೋಡೆಯ ಮರೆಯೋ ಅದರ ಮಾಡಾಯಿತು.

ಇನ್ನು ಬಣ್ಣದ ಮಾತು. ಬೆಳ್ಳಾವೆಯ ಹೆಸರನ್ನು ಹೊತ್ತ ಇಬ್ಬರು ಮಹನೀಯರನ್ನು ಇಲ್ಲಿ ನೆನೆಯುವುದು ಉಚಿತ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿಯೇ ಹೇಳಬಹುದೆಂದು ತೋರಿಸಿಕೊಟ್ಟರು. ಬೆಳ್ಳಾವೆ ನರಹರಿಶಾಸ್ತ್ರಿಗಳು 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಮಾತನ್ನೂ ಹಾಡನ್ನೂ ಬರೆದರು. ಬೆಳಕಿನ ಶಾಸ್ತ್ರ, ಬೆಳಕಿನ ಚಿತ್ರ ಎರಡಕ್ಕೂ ಈ ಊರಿನ ಹೆಸರು ಹೀಗೆ ಸೇರಿಕೊಂಡಿದೆ.

ಆ ಶಾಸ್ತ್ರ ಹೇಳುವುದು ಇದು: ಹಳೆಯ ಗಾಜಿನ ಮೇಲಿದ್ದ ಬೆಳ್ಳಿಯ ಲವಣವು ನಮ್ಮ ಕಣ್ಣಿನಂತೆ ಎಲ್ಲ ಬಣ್ಣಗಳನ್ನೂ ಕಾಣಲಾರದು. ನೀಲಿಯ ಬೆಳಕು ಅದಕ್ಕೆ ಬಹು ಬೇಗ ತಾಗುವುದು; ಹಳದಿ ಅಲ್ಪವಾಗಿ ತಾಗುವುದು; ಕೆಂಪು ತಾಗುವುದೇ ಇಲ್ಲ. 1873ರಲ್ಲಿ ಜರ್ಮನಿಯ ಫೋಗೆಲ್ ಪಂಡಿತನು ಗಾಜಿಗೆ ಬಣ್ಣದ ದ್ರವ್ಯಗಳನ್ನು ಸೇರಿಸಿ ಹಸುರು ಹಳದಿಗಳನ್ನು ಕಾಣುವಂತೆ ಮಾಡುವ ದಾರಿ ಹಾಕಿಕೊಟ್ಟನು. ಕೆಂಪನ್ನೂ ಗ್ರಹಿಸುವ ಗಾಜು ಮಾರುಕಟ್ಟೆಗೆ ಬಂದದ್ದು 1906ರ ಸುಮಾರಿಗೆ. ಅದು ಸಾಮಾನ್ಯ ಬಳಕೆಗೆ ಇಳಿಯಲು ಇನ್ನೂ ಅನೇಕ ವರ್ಷಗಳು ಹಿಡಿದವು. ಹೀಗಾಗಿ ಹಳೆಯ ಪಟಗಳಲ್ಲಿ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಿನಂತೆ ಕಾಣುತ್ತದೆ. ಅರಿಸಿನ ಪೂಸಿದ ಕೆನ್ನೆ ಕಪ್ಪಿಡುತ್ತದೆ. ಇಳಕಲ್ಲಿನ ಸೀರೆಯ ಕೆಂಪು ಸೆರಗು ಮಸಿಯಾಗುತ್ತದೆ. ಆಕಾಶವರ್ಣದ ಸೀರೆ ಬಿಳಿಯ ಸೀರೆಯಂತೆ ಬೆಳಗುತ್ತದೆ. ಬಂಗಾರದ ಜರಿ ಬಿಸಿಲಿಗೆ ಹೊಳೆದ ಕಡೆ ಮಾತ್ರ ಬೆಳ್ಳಗಾಗಿ ಮಿಕ್ಕೆಡೆ ಮಾಸಿಹೋಗುತ್ತದೆ.

ಗಂಡಸರ ಉಡುಗೆಯಲ್ಲಿ ತೊಡಕು ಬೇರೊಂದು ಬಗೆಯದು. ಕಪ್ಪು ಮುಚ್ಚುಕೋಟು, ಬಿಳಿಯ ಕಚ್ಚೆಪಂಚೆ, ತಲೆಗೆ ರುಮಾಲು. ಕೋಟಿನ ಗುಂಡಿಗಳು ತಿಳಿಯುವಂತೆ ಬೆಳಕು ಬಿಟ್ಟರೆ ಪಂಚೆಯ ನೆರಿಗೆಗಳು ಸುಟ್ಟಂತೆ ಬೆಳ್ಳಗಾಗುವುವು. ಪಂಚೆಯನ್ನು ಉಳಿಸಹೋದರೆ ಕೋಟು ಇದ್ದಲಿನ ಮುದ್ದೆಯಾಗುವುದು. ಬಯಲಿನ ಚಿತ್ರಕ್ಕೆ ಅಚ್ಚ ಬಿಳಿಯೂ ಬೇಡ, ಅಚ್ಚ ಕಪ್ಪೂ ಬೇಡ, ನಡುಬಣ್ಣದ ಸಾದಾ ಬಟ್ಟೆಯೇ ಲೇಸು, ಹೊತ್ತು ನೆತ್ತಿಗೇರುವ ಮುನ್ನ ಕೂರುವುದು ಒಳ್ಳೆಯದು ಎಂಬ ಸೂತ್ರಕ್ಕೆ ಮೂಲ ಇದು. ಈ ಸೂತ್ರ ಇಂದಿಗೂ ಸುಳ್ಳಾಗಿಲ್ಲ.

ಆದರೆ ಜನರು ಬೆಳಕಿನ ಅನುಕೂಲಕ್ಕಾಗಿ ಮಾತ್ರ ಬಟ್ಟೆ ಆರಿಸಿದರೆಂದು ತಿಳಿಯುವುದು ಸರಿಯಲ್ಲ. ಪಟ ತೆಗೆಯಿಸುವುದು ಬಾಳಿನಲ್ಲಿ ಒಂದೆರಡು ಸಲ ಒದಗುತ್ತಿದ್ದ ಪ್ರಸಂಗ. ಮುಂದಿನ ತಲೆಮಾರು ತಮ್ಮನ್ನು ಯಾವ ರೂಪದಲ್ಲಿ ಕಾಣಬೇಕೆಂಬುದು ಆ ಒಂದು ಗಳಿಗೆಯಲ್ಲಿ ತೀರ್ಮಾನವಾಗಬೇಕು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಜರಿಪೇಟದ ಭಾವಚಿತ್ರವನ್ನು ಕಾಣದ ಕನ್ನಡಿಗರು ವಿರಳ. ಸಂಸ್ಥಾನದ ಆ ಪೇಟವನ್ನು ನೆರೆಮನೆಯಿಂದಲೋ ಚಿತ್ರಗಾರನಿಂದಲೋ ಎರವು ತಂದಾದರೂ ಧರಿಸಿ ಕುಳಿತವರುಂಟು. ಇದನ್ನು ಬರಿಯ ಆಡಂಬರವೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. ಯಾರು ಏನನ್ನು ಉಡಬೇಕು, ಏನನ್ನು ಉಡಬಾರದು ಎಂಬ ಕಟ್ಟಳೆಗಳು ನಮ್ಮ ದೇಶದಲ್ಲಿ ಎಷ್ಟು ಕ್ರೂರವಾಗಿದ್ದುವೆಂದರೆ, ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ 1859ರಲ್ಲಿ ರಾಜಾಜ್ಞೆ ಪಡೆಯಬೇಕಾಯಿತು. ಗಾಂಧೀಜಿಯವರು 1921ರಲ್ಲಿ ಮಧುರೆಯಲ್ಲಿ ತುಂಡುಪಂಚೆಯನ್ನುಟ್ಟು ಬಡವರೊಡನೆ ಒಂದಾದರು. ಅಂಬೇಡ್ಕರರು ಅಚ್ಚುಕಟ್ಟಾದ ಕೋಟು ಷರಾಯಿಗಳನ್ನು ತೊಟ್ಟು, ತಮ್ಮ ಜನಕ್ಕೆ ನಿರಾಕರಿಸಿದ್ದ ಗೌರವವನ್ನು ತಾವೇ ಕೈಗೊಂಡರು. ಎರಡೂ ಉಡುಗೆಗಳು ಪರಸ್ಪರ ವಿರುದ್ಧವಾಗಿ ಕಂಡರೂ ಎರಡರಲ್ಲಿಯೂ ಒಂದು ಸಂಕಲ್ಪವಿದೆ. ಎರವಿನ ಕೋಟು ತೊಟ್ಟು ಅಂಗಳದಲ್ಲಿ ನೆಟ್ಟಗೆ ಕುಳಿತ ಬಡ ರೈತನಲ್ಲಿಯೂ ಅಂಥದೇ ಒಂದು ಸಂಕಲ್ಪದ ಎಳೆ ಇರಬಹುದು.

ಹೆಂಗಸರಿಗೆ ಈ ಆಯ್ಕೆಯ ಸ್ವಾತಂತ್ರ್ಯ ಬಹಳ ಕಡಿಮೆ ಇದ್ದಿತು. ಮದುವಣಗಿತ್ತಿಗೆ ಹಿರಿಯರು ತೆಗೆದುಕೊಟ್ಟ ಸೀರೆ. ಗಂಡ ಸತ್ತ ಮೇಲೆ ಅನೇಕ ಮನೆತನಗಳಲ್ಲಿ ಮಡಿಯ ಕೆಂಪು ಸೀರೆ. ಹಳೆಯ ಗಾಜು ಕೆಂಪನ್ನು ಕಾಣದೆಂದೆವಷ್ಟೆ. ಆದುದರಿಂದ ಮಂಗಳದ ಕೆಂಪೂ ವೈಧವ್ಯದ ಕೆಂಪೂ ಪಟದಲ್ಲಿ ಒಂದೇ ಕಪ್ಪಾಗಿ ಉಳಿದಿವೆ. ಆ ಎರಡು ಕೆಂಪುಗಳ ನಡುವೆ ಒಬ್ಬ ಹೆಣ್ಣಿನ ಇಡೀ ಬಾಳು ಸರಿದುಹೋಗಿರಬಹುದು; ಪಟವನ್ನು ಮಾತ್ರ ನೋಡಿದವರಿಗೆ ಅದು ತಿಳಿಯುವಂತಿಲ್ಲ.

ಇಂದು ಈ ವಿಷಯಕ್ಕೆ ಹೊಸದೊಂದು ತುರ್ತು ಒದಗಿದೆ. ಹಳೆಯ ಕಪ್ಪುಬಿಳುಪಿನ ಪಟಗಳಿಗೆ ಗಣಕಯಂತ್ರದಿಂದ ಕ್ಷಣಮಾತ್ರದಲ್ಲಿ ಬಣ್ಣ ಹಚ್ಚಿಸುವ ರೂಢಿ ಮನೆಮನೆಗೂ ಬಂದಿದೆ. ನೋಡಲು ಅದು ಸೊಗಸಾಗಿರುವುದು ದಿಟ. ಆದರೆ ಯಂತ್ರವು ಬೂದುಬಣ್ಣದ ಛಾಯೆಯನ್ನು ಕಂಡು ಊಹಿಸುವುದೇ ಹೊರತು ತಿಳಿದು ಹೇಳುವುದಿಲ್ಲ. ಗಾಜಿನಲ್ಲಿ ಕೆಂಪು ಕಪ್ಪುಗಳು ಒಂದೇ ಆಗಿ ಹೋದ ಮೇಲೆ ಅವುಗಳನ್ನು ಬೇರ್ಪಡಿಸುವ ಬಲ್ಲಿದರು ಯಾರು? ಅಜ್ಜಿಯ ಕೆಂಪು ಸೀರೆ ಕಪ್ಪಾಗಿ, ನೀಲಿಯ ಸೀರೆ ಬಿಳಿದಾಗಿ ಮೊಮ್ಮಕ್ಕಳ ಕಣ್ಣಿಗೆ ಸತ್ಯವೆಂದು ನೆಲೆಗೊಳ್ಳುವುದು. ಮರೆತದ್ದಕ್ಕಿಂತ ತಪ್ಪಾಗಿ ನೆನೆದದ್ದನ್ನು ತಿದ್ದುವುದು ಕಷ್ಟ.

ಇದಕ್ಕೆ ಪರಿಹಾರ ಮನೆಯಲ್ಲಿಯೇ ಇದೆ. ಸೀರೆಯ ಬಣ್ಣವನ್ನು ಬಲ್ಲ ಹಿರಿಯರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಪಟವನ್ನು ಗೋಡೆಯಿಂದಿಳಿಸಿ ಅವರ ಮುಂದಿಟ್ಟು ಕೇಳಬೇಕು: ಇವರು ಯಾರು, ಯಾವ ವರ್ಷ, ಈ ಸೀರೆ ಎಲ್ಲಿಯದು, ಈ ಕೋಟು ಯಾರದು. ಕೇಳಿದುದನ್ನು ಪಟದ ಹಿಂದೆ ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ, ಬರೆದಿಡಬೇಕು. ಪೆಟ್ಟಿಗೆಯಲ್ಲಿ ಆ ಸೀರೆಯ ಒಂದು ಚೂರು ಸಿಕ್ಕಿದರೆ ಪಟದೊಡನೆ ಕಾಪಾಡಬೇಕು. ಇನ್ನು ಮುಂದೆ ಬಯಲಿನಲ್ಲಿ ಪಟ ತೆಗೆಯಿಸುವವರು ನಡುಬಣ್ಣದ ಒಳ್ಳೆಯ ಬಟ್ಟೆಯನ್ನೇ ಉಡಲಿ. ಅದರೊಡನೆ ತಾವು ನಿತ್ಯ ಉಡುವ ಬಟ್ಟೆಯಲ್ಲಿಯೂ ಒಂದು ಪಟ ತೆಗೆಯಿಸಲಿ. ಹಬ್ಬದ ಉಡುಗೆಯಲ್ಲಿ ನಮ್ಮ ಆಶೆ ಉಳಿಯುತ್ತದೆ. ನಿತ್ಯದ ಉಡುಗೆಯಲ್ಲಿ ನಮ್ಮ ಬಾಳು ಉಳಿಯುತ್ತದೆ.