ಮೊಳಕಾಲ್ಮೂರಿನ ರೇಷ್ಮೆ ಸೀರೆ ಮತ್ತು ಕಣ್ಣಿನ ಸಿಲಿಯರಿ ಸ್ನಾಯು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ನೇಕಾರರು ಮರದ ಗುಂಡಿಮಗ್ಗದಲ್ಲಿ ನೇಯುವ, ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ರೇಷ್ಮೆ ಸೀರೆಯಲ್ಲಿ ಅಂಚು ಒಡಲನ್ನು ಸೇರುವ ಗೆರೆಯನ್ನು ಗಮನಿಸಬೇಕು. ಅಲ್ಲಿನ ನವಿರು ಎಳೆಗಳನ್ನು ಬೆಸೆಯುವುದು ಕೈಯ ಕೌಶಲವೆನಿಸಿದರೂ ಶ್ರಮದ ದೊಡ್ಡ ಪಾಲು ಕಣ್ಣಿನದು.

ಪಾಪೆಯ ಸುತ್ತಲಿನ ಬಣ್ಣದ ಪೊರೆಯ ಹಿಂದೆ ಉಂಗುರದಂತಿರುವ ಸಿಲಿಯರಿ ಸ್ನಾಯು ಸಂಕುಚಿಸಿದಾಗ, ಮಸೂರವನ್ನು ಹಿಡಿದಿರುವ ತಂತುಗಳು ಸಡಿಲಗೊಂಡು, ಮಸೂರವು ಉಬ್ಬಿ, ಹತ್ತಿರದ ಎಳೆ ಸ್ಪಷ್ಟವಾಗುತ್ತದೆ. ನೇಕಾರರು ತಲೆಯೆತ್ತಿ ನುಂಕೆಮಲೆ ಬೆಟ್ಟದತ್ತ ನೋಡಿದರೆ ಸ್ನಾಯು ವಿಶ್ರಮಿಸಿ, ಮಸೂರ ಚಪ್ಪಟೆಯಾಗುತ್ತದೆ. ತರ್ಕಕ್ಕೆ ತಿರುಗುಮುರುಗಾಗಿ ತೋರುವ ಈ ಕ್ರಮವನ್ನು 1855ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದನು.

ಸುಮಾರು 40ರ ವಯಸ್ಸಿನ ಬಳಿಕ, ಸ್ನಾಯುವಿನ ಬಲ ಬಹುಮಟ್ಟಿಗೆ ಉಳಿದಿದ್ದರೂ ಮಸೂರವೇ ಗಡುಸಾಗುವುದರಿಂದ, ಚಾಳೀಸು ಎಂಬ ಸಮೀಪದೃಷ್ಟಿಯ ಮಂದತೆ ತಲೆದೋರಿ, ಮಗ್ಗದ ಮುಂದೆ ಕನ್ನಡಕ ಅಗತ್ಯವಾಗುತ್ತದೆ.